ಕಂಪ್ಯೂಟರ್ ಡೊಮೇನ್‌ಗೆ ಸೇರುತ್ತಿಲ್ಲ, ಲಾಗಿನ್ ಆಗುತ್ತಿಲ್ಲ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ ಕಡೆಯ ಸಹಕಾರಿ ಸಂಘಗಳು, ಕಾಲೇಜು ಲ್ಯಾಬ್‌ಗಳು, ನರ್ಸಿಂಗ್ ಹೋಮ್‌ಗಳು, ಗೇರುಬೀಜ ಫ್ಯಾಕ್ಟರಿಗಳ ಆಫೀಸುಗಳು ಹೆಚ್ಚಾಗಿ ಒಂದೇ ರೀತಿ ಇರುತ್ತವೆ. ಒಂದು ಅಥವಾ ಎರಡು ವಿಂಡೋಸ್ ಸರ್ವರ್, ಅದರ ಮೇಲೆ ಆಕ್ಟಿವ್ ಡೈರೆಕ್ಟರಿ ಡೊಮೇನ್ (ಎಲ್ಲರ ಖಾತೆ, ಪಾಸ್‌ವರ್ಡ್ ಒಂದೇ ಕಡೆ ಇಡುವ ವ್ಯವಸ್ಥೆ; ಅದನ್ನು ನಡೆಸುವ ಸರ್ವರ್‌ಗೆ ಡೊಮೇನ್ ಕಂಟ್ರೋಲರ್ ಎನ್ನುತ್ತಾರೆ), ಅದಕ್ಕೆ ಸೇರಿದ ಹತ್ತಾರು ಕಂಪ್ಯೂಟರ್‌ಗಳು. ಅವನ್ನು ನೋಡಿಕೊಳ್ಳುವವರಿಗಾಗಿ ಈ ಪುಟ. ಕಂಪ್ಯೂಟರ್ ಡೊಮೇನ್ ಸಿಗುತ್ತಿಲ್ಲ ಎಂದ ಕೂಡಲೇ ಅದನ್ನು ಡೊಮೇನ್‌ನಿಂದ ತೆಗೆದು ಮತ್ತೆ ಸೇರಿಸುವ ಅಭ್ಯಾಸ ಎಲ್ಲ ಕಡೆ ಬೇರೂರಿದೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಹೆಸರು ಸಿಗುತ್ತಿದೆಯೇ, ಆಮೇಲೆ ಗಡಿಯಾರ ಸರಿ ಇದೆಯೇ, ಆಮೇಲೆ ನಂಬಿಕೆಯ ಕೊಂಡಿ ಉಳಿದಿದೆಯೇ, ಈ ಕ್ರಮದಲ್ಲಿ ನೋಡಿ.

ಆಜ್ಞೆಗಳನ್ನು ಇಲ್ಲಿ ಕನ್ನಡದಲ್ಲಿ ಉಚ್ಚಾರದಂತೆ ಬರೆದಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಲ್ಲೇ ಮಾಡಬೇಕು.

ಮೊದಲು ಏನು ನೋಡಬೇಕು?

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಪ್ರಶ್ನೆ ಕೇಳಿ: ತೊಂದರೆ ಒಂದಕ್ಕೋ, ಒಂದು ಸಾಲಿಗೋ, ಎಲ್ಲಕ್ಕೋ? ಒಂದೇ ಆದರೆ ಆ ಕಂಪ್ಯೂಟರ್, ಅದರ ಕೇಬಲ್ ಅಥವಾ ಸ್ವಿಚ್ಚಿನ ಪೋರ್ಟ್. ಒಂದು ಸಾಲು ಅಥವಾ ಒಂದು ಮಹಡಿ ಪೂರ್ತಿ ಆದರೆ ಅಲ್ಲಿಯ ಸ್ವಿಚ್. ಎಲ್ಲರದ್ದೂ ಒಟ್ಟಿಗೇ ಹೋದರೆ ಸೀದಾ ಸರ್ವರ್ ಹತ್ತಿರ ಹೋಗಿ. ಒಂದೊಂದೇ ಮೇಜಿನ ಮುಂದೆ ಕೂತು ಹೊತ್ತು ಕಳೆಯಬೇಡಿ.

ಕಂಪ್ಯೂಟರ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್ /ಆಲ್’ ಕೊಡಿ. ಐಪಿ ವಿಳಾಸ, ಡಿಎಚ್‌ಸಿಪಿ ಸರ್ವರ್ (ಐಪಿ ವಿಳಾಸ ಹಂಚುವುದು), ಡಿಎನ್‌ಎಸ್ ಸರ್ವರ್ (ಹೆಸರು ಕೇಳಿದರೆ ವಿಳಾಸ ಹೇಳುವುದು) ಎಂಬ ಸಾಲುಗಳನ್ನು ಓದಿ. ವಿಳಾಸ 169.254 ಎಂದು ಶುರುವಾಗಿದ್ದರೆ ಕಂಪ್ಯೂಟರ್‌ಗೆ ಯಾರೂ ವಿಳಾಸ ಕೊಟ್ಟಿಲ್ಲ, ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ಆಗ ಡೊಮೇನ್ ಬಗ್ಗೆ ಯೋಚಿಸುವ ಅಗತ್ಯವೇ ಇಲ್ಲ. ಕೇಬಲ್, ಸ್ವಿಚ್, ಡಿಎಚ್‌ಸಿಪಿ ನೋಡಿ.

ಇಂಟರ್ನೆಟ್ ಚೆನ್ನಾಗಿ ಬರುತ್ತಿದೆ. ಡೊಮೇನ್ ಮಾತ್ರ ಸಿಗುತ್ತಿಲ್ಲ ಎನ್ನುತ್ತದೆ. ಯಾಕೆ?

ಡಿಎನ್‌ಎಸ್. ಇಂಟರ್ನೆಟ್ ಬರುತ್ತಿರುವುದೇ ಇಲ್ಲಿ ಸುಳಿವು.

ಡೊಮೇನ್‌ಗೆ ಸೇರಿದ ಕಂಪ್ಯೂಟರ್‌ಗೆ ಸರ್ವರ್‌ನ ಐಪಿ ವಿಳಾಸ ಮೊದಲೇ ಗೊತ್ತಿರುವುದಿಲ್ಲ. ‘ಈ ಡೊಮೇನ್‌ನ ಕಂಟ್ರೋಲರ್ ಯಾರು?’ ಎಂದು ಅದು ಪ್ರತಿ ಸಲ ಡಿಎನ್‌ಎಸ್‌ನಲ್ಲಿ ಕೇಳುತ್ತದೆ. ಆ ಉತ್ತರ ಎಸ್‌ಆರ್‌ವಿ ಎಂಬ ಬಗೆಯ ದಾಖಲೆಯಲ್ಲಿರುತ್ತದೆ, ಮತ್ತು ಆ ದಾಖಲೆ ಇರುವುದು ನಿಮ್ಮ ಸರ್ವರ್‌ನ ಡಿಎನ್‌ಎಸ್‌ನಲ್ಲಿ ಮಾತ್ರ. ಕಂಪ್ಯೂಟರ್‌ನ ಡಿಎನ್‌ಎಸ್ ಜಾಗದಲ್ಲಿ 8.8.8.8 (ಗೂಗಲ್‌ನ ಡಿಎನ್‌ಎಸ್) ಅಥವಾ ಫೈಬರ್ ರೂಟರ್‌ನ ವಿಳಾಸ ಕೂತಿದ್ದರೆ, ಮಂಗಳೂರಿನ ಹಂಪನಕಟ್ಟೆಯಲ್ಲಿ ನಿಂತು ಸುಳ್ಯದ ಒಳಗಿನ ಒಂದು ಮನೆಯ ಹೆಸರು ಕೇಳಿದ ಹಾಗಾಯಿತು. ಊರಿಗೆಲ್ಲ ಗೊತ್ತಿರುವ ಜಾಗಗಳನ್ನು ಹೇಳುತ್ತಾರೆ, ಅದೊಂದನ್ನು ಬಿಟ್ಟು.

ಪರೀಕ್ಷಿಸುವುದು ಹೀಗೆ. ‘ಎನ್‌ಎಸ್‌ಲುಕಪ್ -ಟೈಪ್=ಎಸ್‌ಆರ್‌ವಿ _ಎಲ್‌ಡ್ಯಾಪ್._ಟಿಸಿಪಿ.ಡಿಸಿ._ಎಂಎಸ್‌ಡಿಸಿಎಸ್.’ ಎಂದು ಬರೆದು, ಕೊನೆಯ ಚುಕ್ಕೆಯ ನಂತರ ನಿಮ್ಮ ಡೊಮೇನ್‌ನ ಪೂರ್ಣ ಹೆಸರು ಸೇರಿಸಿ. ಉತ್ತರದಲ್ಲಿ ನಿಮ್ಮ ಸರ್ವರ್‌ನ ಹೆಸರು, ಪೋರ್ಟ್ 389 ಬರಬೇಕು. ‘ನಾನ್-ಎಕ್ಸಿಸ್ಟೆಂಟ್ ಡೊಮೇನ್’ ಎಂದು ಬಂದರೆ ಕೇಳಿದ ಜಾಗವೇ ತಪ್ಪು. ಉತ್ತರ ಸರಿ ಬಂದ ಮೇಲೆ ‘ಎನ್‌ಎಲ್‌ಟೆಸ್ಟ್ /ಡಿಎಸ್‌ಗೆಟ್‌ಡಿಸಿ:’ ಮತ್ತು ಡೊಮೇನ್ ಹೆಸರು ಕೊಡಿ. ಇದು ಹೆಸರು ಹುಡುಕುವುದರ ಜೊತೆಗೆ ಕಂಟ್ರೋಲರ್ ಜೊತೆ ಮಾತಾಡಿಯೂ ನೋಡುತ್ತದೆ. 1355 ಎಂಬ ಸಂಖ್ಯೆ ಬಂದರೆ ಡೊಮೇನ್ ಸಿಗಲಿಲ್ಲ ಎಂದು.

ಸರಿಪಡಿಸಲು ಡಿಎನ್‌ಎಸ್ ಜಾಗದಲ್ಲಿ ಡೊಮೇನ್ ಕಂಟ್ರೋಲರ್‌ನ ವಿಳಾಸ ಮಾತ್ರ ಇರಲಿ. ‘ಮಾತ್ರ’ ಎಂಬುದನ್ನು ಒತ್ತಿ ಹೇಳುತ್ತಿದ್ದೇವೆ. ಮೊದಲ ಸಾಲಿನಲ್ಲಿ ಸರ್ವರ್, ಎರಡನೆಯದರಲ್ಲಿ ‘ಇರಲಿ’ ಎಂದು 8.8.8.8 ಹಾಕುವುದು ತುಂಬಾ ಕಡೆ ಕಾಣುವ ತಪ್ಪು. ಸರ್ವರ್ ಒಂದು ಕ್ಷಣ ಉತ್ತರಿಸಲು ತಡ ಮಾಡಿದರೆ ವಿಂಡೋಸ್ ಎರಡನೆಯದಕ್ಕೆ ಹೋಗುತ್ತದೆ, ಅದು ‘ಅಂಥ ಹೆಸರಿಲ್ಲ’ ಎನ್ನುತ್ತದೆ, ವಿಂಡೋಸ್ ಅದನ್ನೇ ಅಂತಿಮ ಉತ್ತರ ಎಂದುಕೊಂಡು ಮೊದಲನೆಯದಕ್ಕೆ ಮರಳಿ ಕೇಳುವುದಿಲ್ಲ. ಬೆಳಿಗ್ಗೆ ಸರಿ, ಮಧ್ಯಾಹ್ನ ಕೆಟ್ಟಿತು, ಸಂಜೆ ಮತ್ತೆ ಸರಿ ಎಂಬ ದೂರುಗಳ ಹಿಂದೆ ಬಹಳ ಸಲ ಇದೇ ಇರುತ್ತದೆ. ಹೊರಗಿನ ಹೆಸರುಗಳಿಗಾಗಿ 8.8.8.8 ಬೇಕಿದ್ದರೆ ಅದನ್ನು ಸರ್ವರ್‌ನ ಡಿಎನ್‌ಎಸ್ ಮ್ಯಾನೇಜರ್‌ನಲ್ಲಿ ಫಾರ್ವರ್ಡರ್ (ಸರ್ವರ್ ತನಗೆ ಗೊತ್ತಿಲ್ಲದ ಹೆಸರನ್ನು ಕೇಳುವ ವಿಳಾಸ) ಆಗಿ ಹಾಕಿ. ಬದಲಿಸಿದ ಮೇಲೆ ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಕೊಡಲು ಮರೆಯಬೇಡಿ. ಹಳೆಯ ‘ಇಲ್ಲ’ ಎಂಬ ಉತ್ತರವನ್ನು ಕಂಪ್ಯೂಟರ್ ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತದೆ.

ಡಿಎನ್‌ಎಸ್ ಸರಿ ಮಾಡಿದರೂ ಒಂದೆರಡು ದಿನದಲ್ಲಿ ಮತ್ತೆ ಹಾಗೇ ಆಗುತ್ತದೆ.

ಜಾಲದಲ್ಲಿ ಇನ್ನೊಬ್ಬರು ವಿಳಾಸ ಹಂಚುತ್ತಿದ್ದಾರೆ. ಯಾರೋ ಮೊಬೈಲಿಗೆ ವೈ-ಫೈ ಬೇಕೆಂದು ಮನೆಯ ಹಳೆಯ ರೂಟರ್ ತಂದು, ಅದರ ಲ್ಯಾನ್ ಪೋರ್ಟನ್ನು ಆಫೀಸಿನ ಸ್ವಿಚ್ಚಿಗೆ ಚುಚ್ಚಿರುತ್ತಾರೆ. ಅದರ ಡಿಎಚ್‌ಸಿಪಿ ಚಾಲೂ ಇರುತ್ತದೆ, ಯಾರು ಮೊದಲು ಉತ್ತರಿಸುತ್ತಾರೋ ಕಂಪ್ಯೂಟರ್ ಅವರ ವಿಳಾಸ ತೆಗೆದುಕೊಳ್ಳುತ್ತದೆ. ‘ಐಪಿಕಾನ್ಫಿಗ್ /ಆಲ್’ನಲ್ಲಿ ಡಿಎಚ್‌ಸಿಪಿ ಸರ್ವರ್ ಎಂಬ ಸಾಲಿನಲ್ಲಿ ನಿಮ್ಮದಲ್ಲದ ವಿಳಾಸ ಕಂಡರೆ ‘ಆರ್ಪ್ -ಎ’ ಕೊಟ್ಟು ಅದರ ಮ್ಯಾಕ್ ವಿಳಾಸ ಬರೆದುಕೊಳ್ಳಿ, ಮ್ಯಾನೇಜ್ಡ್ ಸ್ವಿಚ್ ಇದ್ದರೆ ಯಾವ ಪೋರ್ಟ್ ಎಂದು ಅದೇ ಹೇಳುತ್ತದೆ. ಸ್ವಿಚ್‌ನಲ್ಲಿ ಡಿಎಚ್‌ಸಿಪಿ ಸ್ನೂಪಿಂಗ್ (ನಿಮ್ಮದಲ್ಲದ ಡಿಎಚ್‌ಸಿಪಿ ಉತ್ತರಗಳನ್ನು ತಡೆಯುವ) ಸೌಲಭ್ಯ ಇದ್ದರೆ ಹಾಕಿಬಿಡಿ, ಇಂಥದ್ದು ಮತ್ತೆ ನಡೆಯುವುದಿಲ್ಲ.

ಇನ್ನೊಂದು ಕಾರಣ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಫೈಬರ್ ರೂಟರ್‌ಗಳು ಐಪಿವಿ6 ಮೂಲಕವೂ ತಮ್ಮ ಡಿಎನ್‌ಎಸ್ ವಿಳಾಸ ಸಾರುತ್ತವೆ. ಐಪಿವಿ4ರಲ್ಲಿ ನೀವು ಎಲ್ಲ ಸರಿ ಹಾಕಿರುತ್ತೀರಿ, ಆದರೆ ಡಿಎನ್‌ಎಸ್ ಪಟ್ಟಿಯ ಮೇಲ್ಗಡೆ ‘ಎಫ್‌ಇ80’ ಅಥವಾ ‘2’ರಿಂದ ಶುರುವಾಗುವ ಉದ್ದನೆಯ ವಿಳಾಸ ಕೂತಿರುತ್ತದೆ, ಕಂಪ್ಯೂಟರ್ ಮೊದಲು ಅದನ್ನೇ ಕೇಳುತ್ತದೆ. ಕಂಪ್ಯೂಟರ್‌ಗಳಲ್ಲಿ ಐಪಿವಿ6 ತೆಗೆದುಹಾಕುವ ಬದಲು ರೂಟರ್‌ನಲ್ಲೇ ಐಪಿವಿ6 ಡಿಎನ್‌ಎಸ್ ಸಾರುವುದನ್ನು ನಿಲ್ಲಿಸಿ.

ಗಡಿಯಾರಕ್ಕೂ ಲಾಗಿನ್‌ಗೂ ಏನು ಸಂಬಂಧ?

ಡೊಮೇನ್‌ನಲ್ಲಿ ಗುರುತು ಪರಿಶೀಲಿಸುವ ಪದ್ಧತಿಯ ಹೆಸರು ಕೆರ್ಬರೋಸ್. ಅದು ಕೊಡುವ ಟಿಕೆಟಿನ ಮೇಲೆ ಸಮಯ ಬರೆದಿರುತ್ತದೆ. ಕದ್ದ ಟಿಕೆಟನ್ನು ಆಮೇಲೆ ಬಳಸದಂತೆ ಮಾಡಿದ ವ್ಯವಸ್ಥೆ ಇದು. ಕಂಪ್ಯೂಟರ್‌ಗೂ ಸರ್ವರ್‌ಗೂ 5 ನಿಮಿಷಕ್ಕಿಂತ ಹೆಚ್ಚು ಅಂತರ ಇದ್ದರೆ ಟಿಕೆಟ್ ತಿರಸ್ಕೃತವಾಗುತ್ತದೆ. 1398 ಎಂಬ ದೋಷಸಂಖ್ಯೆ ಬಂದರೆ ನೇರವಾಗಿ ಇದೇ.

ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಕಾರಣ ಸಾಮಾನ್ಯವಾಗಿ ಮದರ್‌ಬೋರ್ಡಿನ ಬಟನ್ ಬ್ಯಾಟರಿ. ಸಿಆರ್2032, 3 ವೋಲ್ಟ್, ಯಾವ ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ ಹೋಗುವ ಆಫೀಸುಗಳಲ್ಲಿ, ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಹಲವು ವರ್ಷ ಹಿಂದಿನ ತಾರೀಕು ತೋರಿಸಿದರೆ ಬ್ಯಾಟರಿ ಸತ್ತಿದೆ. ಪ್ಲಗ್ ತೆಗೆದು, ಬರೆದ ಮುಖ ಮೇಲೆ ಬರುವಂತೆ ಹೊಸದನ್ನು ಕೂರಿಸಿ, ಬಯಾಸ್‌ನಲ್ಲಿ ತಾರೀಕು ಸರಿ ಮಾಡಿ.

ಇದಕ್ಕಿಂತ ಸತಾಯಿಸುವುದು ಟೈಮ್ ಝೋನ್. ಪರದೆಯ ಮೂಲೆಯಲ್ಲಿ ಗಂಟೆ ಸರಿಯಾಗಿಯೇ ಕಾಣುತ್ತದೆ, ಗೋಡೆ ಗಡಿಯಾರಕ್ಕೆ ಹೊಂದುತ್ತದೆ, ಆದರೂ ಲಾಗಿನ್ ಆಗದು. ಕೆರ್ಬರೋಸ್ ನೋಡುವುದು ಜಗತ್ತಿಗೆಲ್ಲ ಒಂದೇ ಆದ ಯುಟಿಸಿ ಸಮಯ. ಹೊಸದಾಗಿ ವಿಂಡೋಸ್ ಹಾಕಿದಾಗ ಝೋನ್ ಅಮೆರಿಕದ ಪೆಸಿಫಿಕ್‌ನಲ್ಲಿಯೇ ಉಳಿದಿರುತ್ತದೆ, ಯಾರೋ ಗಂಟೆ ಮಾತ್ರ ಕೈಯಿಂದ ತಿರುಗಿಸಿ ಇಲ್ಲಿಗೆ ಹೊಂದಿಸಿರುತ್ತಾರೆ. ಆಗ ಒಳಗಿನ ಸಮಯ ನಿಜದಿಂದ 13 ಗಂಟೆ 30 ನಿಮಿಷ ದೂರ ಇರುತ್ತದೆ, ಅಲ್ಲಿಯ ಬೇಸಗೆ ಸಮಯ ಜಾರಿಯಲ್ಲಿದ್ದರೆ 12 ಗಂಟೆ 30 ನಿಮಿಷ. ಮೊದಲು ಝೋನನ್ನು ಯುಟಿಸಿ +05:30ಕ್ಕೆ ತನ್ನಿ, ಆಮೇಲೆ ಗಂಟೆ.

ಡೊಮೇನ್‌ನ ಕಂಪ್ಯೂಟರ್ ಸಮಯವನ್ನು ಡೊಮೇನ್ ಕಂಟ್ರೋಲರ್‌ನಿಂದಲೇ ತೆಗೆದುಕೊಳ್ಳಬೇಕು. ‘ಡಬ್ಲ್ಯು32ಟಿಎಂ /ಕ್ವೆರಿ /ಸೋರ್ಸ್’ ಕೊಟ್ಟರೆ ಸರ್ವರ್‌ನ ಹೆಸರು ಬರಬೇಕು. ‘ಲೋಕಲ್ ಸಿಮೋಸ್ ಕ್ಲಾಕ್’ ಎಂದು ಬಂದರೆ ಅದು ಯಾರ ಮಾತೂ ಕೇಳುತ್ತಿಲ್ಲ. ಹೆಸರು ಹುಡುಕುವ ಹಂತ ಸರಿ ಇದೆಯೇ ನೋಡಿ, ಆಮೇಲೆ ‘ಡಬ್ಲ್ಯು32ಟಿಎಂ /ರೀಸಿಂಕ್’ ಕೊಡಿ.

ಸರ್ವರ್‌ನ ಗಡಿಯಾರವೇ ತಪ್ಪಿದ್ದರೆ ಇಡೀ ಆಫೀಸು ಅದರ ಹಿಂದೆ ಹೋಗುತ್ತದೆ. ಪಿಡಿಸಿ ಎಮ್ಯುಲೇಟರ್ ಪಾತ್ರ (ಡೊಮೇನ್‌ಗೆಲ್ಲ ಸಮಯದ ಮೂಲ) ಇರುವ ಕಂಟ್ರೋಲರ್ ಹೊರಗಿನ ನಂಬಲರ್ಹ ಎನ್‌ಟಿಪಿ ಸರ್ವರ್ (ಜಾಲದ ಮೂಲಕ ಸಮಯ ಕೊಡುವುದು) ನೋಡುತ್ತಿರಬೇಕು. ನಮ್ಮ ದೇಶದಲ್ಲಿ ಅದು ಬರೀ ಸಲಹೆಯಲ್ಲ: 2022ರ ಏಪ್ರಿಲ್ 28ರ ಸರ್ಟ್-ಇನ್ (ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ) ನಿರ್ದೇಶನದಂತೆ ಸಂಸ್ಥೆಗಳು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ) ಅಥವಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗಳಿಗೆ, ಇಲ್ಲವೇ ಅವನ್ನೇ ಆಧರಿಸಿದ ಸರ್ವರ್‌ಗಳಿಗೆ ಗಡಿಯಾರ ಹೊಂದಿಸಬೇಕು. ಕಂಟ್ರೋಲರ್‌ನ ಸಮಯ 48 ಗಂಟೆಗಿಂತ ಹೆಚ್ಚು ತಪ್ಪಿದ್ದರೆ ಮೂಲ ಹೊಂದಾಣಿಕೆಯಲ್ಲಿ (ಡೀಫಾಲ್ಟ್ ಸೆಟ್ಟಿಂಗ್) ಅದು ತಾನಾಗಿ ತಿದ್ದಿಕೊಳ್ಳುವುದಿಲ್ಲ, ಕೈಯಿಂದ ಹತ್ತಿರ ತಂದು ಬಿಡಬೇಕು. ಸರ್ವರ್ ಹೈಪರ್-ವಿ ಮೇಲೆ ವರ್ಚುವಲ್ ಆಗಿದ್ದರೆ ಅದರ ‘ಟೈಮ್ ಸಿಂಕ್ರೊನೈಸೇಶನ್’ ತೆಗೆದುಬಿಡಿ, ಇಲ್ಲದಿದ್ದರೆ ಎರಡು ಕಡೆಯಿಂದ ಸಮಯ ಬಂದು ಜಗ್ಗಾಟವಾಗುತ್ತದೆ.

‘ಟ್ರಸ್ಟ್ ರಿಲೇಶನ್‌ಶಿಪ್ ಫೇಲ್ಡ್’ ಎಂದು ಬರುತ್ತಿದೆ. ಡೊಮೇನ್‌ನಿಂದ ತೆಗೆಯಲೇಬೇಕಾ?

ಬೇಡ. ಬಳಕೆದಾರರಿಗೆ ಪಾಸ್‌ವರ್ಡ್ ಇರುವ ಹಾಗೆ ಡೊಮೇನ್‌ನಲ್ಲಿ ಪ್ರತಿ ಕಂಪ್ಯೂಟರ್‌ಗೂ ಒಂದು ಗುಪ್ತ ಪಾಸ್‌ವರ್ಡ್ ಇದೆ. ಕಂಪ್ಯೂಟರ್ ಅದನ್ನು 30 ದಿನಕ್ಕೊಮ್ಮೆ ತಾನೇ ಬದಲಿಸುತ್ತದೆ. ಕಂಪ್ಯೂಟರ್ ಬಳಿ ಇರುವುದಕ್ಕೂ ಸರ್ವರ್ ಬಳಿ ಇರುವುದಕ್ಕೂ ಹೊಂದದೆ ಹೋದಾಗ ನಂಬಿಕೆಯ ಕೊಂಡಿ ಕಡಿದು ಈ ಸಂದೇಶ ಬರುತ್ತದೆ.

‘ಬೇಸಗೆ ರಜೆಯಲ್ಲಿ ಎರಡು ತಿಂಗಳು ಆಫ್ ಇತ್ತು, ಅದಕ್ಕೇ ಹೋಯಿತು’ ಎಂದು ಕಾಲೇಜು ಲ್ಯಾಬ್‌ಗಳಲ್ಲಿ ಹೇಳುವುದುಂಟು. ಅದು ಸರಿಯಲ್ಲ. ಬದಲಾವಣೆ ಶುರುಮಾಡುವುದು ಕಂಪ್ಯೂಟರ್. ಆಫ್ ಇದ್ದರೆ ಅದು ಬದಲಿಸುವುದೂ ಇಲ್ಲ, ಸರ್ವರ್ ಹಳೆಯದನ್ನೇ ಇಟ್ಟುಕೊಂಡಿರುತ್ತದೆ. ರಜೆ ಮುಗಿದು ಲ್ಯಾಬ್ ತೆರೆದಾಗ ನಂಬಿಕೆ ಮುರಿದಿದ್ದರೆ ಕಾರಣ ಬೇರೆ: ಡೀಪ್ ಫ್ರೀಝ್ ತರಹದ ತಂತ್ರಾಂಶ ಡಿಸ್ಕನ್ನು ಹಳೆಯ ಸ್ಥಿತಿಗೆ ತಂದಿರಬಹುದು, ಯಾರೋ ಹಳೆಯ ಇಮೇಜ್ ಹಾಕಿರಬಹುದು, ರಿಸ್ಟೋರ್ ಪಾಯಿಂಟ್‌ಗೆ ಹಿಂದೆ ಹೋಗಿರಬಹುದು, ಎರಡು ಕಂಪ್ಯೂಟರ್‌ಗೆ ಒಂದೇ ಹೆಸರಿರಬಹುದು, ಅಥವಾ ಸರ್ವರ್‌ನಲ್ಲಿ ‘ಬಳಸದ ಖಾತೆ’ ಎಂದು ಯಾರೋ ಅಳಿಸಿರಬಹುದು. ಕಾರಣ ಹುಡುಕದೆ ಸರಿಮಾಡಿದರೆ ಅದೇ ಕಂಪ್ಯೂಟರ್ ಮುಂದಿನ ತಿಂಗಳು ಮತ್ತೆ ಕೈಗೆ ಬರುತ್ತದೆ.

ದುರಸ್ತಿಗೆ ಲೋಕಲ್ ಅಡ್ಮಿನ್ ಆಗಿ ಒಳಗೆ ಹೋಗಬೇಕು. ಲಾಗಿನ್ ಹೆಸರಿನ ಜಾಗದಲ್ಲಿ ಮೊದಲು ಚುಕ್ಕೆ, ಹಿಂದಕ್ಕೆ ಬಾಗಿದ ಗೆರೆ, ಅಂದರೆ ‘.\’ ಹಾಕಿ ಖಾತೆಯ ಹೆಸರು ಬರೆಯಿರಿ. ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು ‘ಟೆಸ್ಟ್-ಕಂಪ್ಯೂಟರ್‌ಸೆಕ್ಯೂರ್‌ಚಾನೆಲ್’ ಕೊಡಿ. ‘ಫಾಲ್ಸ್’ ಬಂದರೆ ಅದೇ ಆಜ್ಞೆಗೆ ‘-ರಿಪೇರ್ -ಕ್ರೆಡೆನ್ಶಿಯಲ್’ ಸೇರಿಸಿ ಡೊಮೇನ್ ಅಡ್ಮಿನ್ ಹೆಸರು ಕೊಡಿ. ‘ಟ್ರೂ’ ಎಂದು ಬಂದರೆ ಮುಗಿಯಿತು. ಈ ಆಜ್ಞೆ ವಿಂಡೋಸ್ ಜೊತೆಗೇ ಬರುವ 5.1 ಆವೃತ್ತಿಯ ಪವರ್‌ಶೆಲ್‌ನಲ್ಲಿದೆ, ಬೇರೆಯಾಗಿ ಹಾಕಿಕೊಳ್ಳುವ 7ರಲ್ಲಿ ಇಲ್ಲ. ಸರ್ವರ್‌ನಲ್ಲಿ ಕಂಪ್ಯೂಟರ್ ಖಾತೆಯೇ ಅಳಿದಿದ್ದರೆ ಮಾತ್ರ ರಿಪೇರಿ ನಡೆಯದು. ಆಗ ಆಕ್ಟಿವ್ ಡೈರೆಕ್ಟರಿಯ ರೀಸೈಕಲ್ ಬಿನ್‌ನಿಂದ ಖಾತೆ ವಾಪಸು ತನ್ನಿ, ಅದೂ ಇಲ್ಲದಿದ್ದರೆ ಹೊಸದಾಗಿ ಸೇರಿಸಿ.

ತೆಗೆದು ಸೇರಿಸಲೇಬೇಕಾದರೆ ಏನು ಜಾಗ್ರತೆ?

ಲೋಕಲ್ ಅಡ್ಮಿನ್ ಪಾಸ್‌ವರ್ಡ್ ಕೈಯಲ್ಲಿದೆಯೇ ಎಂದು ಬರೀ ಕೇಳಬೇಡಿ, ಲಾಗಿನ್ ಆಗಿ ನೋಡಿ. ವರ್ಕ್‌ಗ್ರೂಪ್‌ಗೆ (ಅಂದರೆ ಡೊಮೇನ್‌ನ ಹೊರಗೆ) ಹಾಕಿ ರೀಸ್ಟಾರ್ಟ್ ಮಾಡಿದ ಮೇಲೆ ಆ ಒಂದು ಬಾಗಿಲು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದರ ರಿಕವರಿ ಕೀ ಕೂಡ ಮೊದಲೇ ತೆಗೆದಿಟ್ಟುಕೊಳ್ಳಿ.

ಅದೇ ಡೊಮೇನ್‌ಗೆ ಮರಳಿ ಸೇರಿಸಿದರೆ ಬಳಕೆದಾರರ ಡೆಸ್ಕ್‌ಟಾಪ್, ಫೈಲುಗಳು ಮೊದಲಿದ್ದಂತೆ ಸಿಗುತ್ತವೆ, ಅವರ ಗುರುತು ಬದಲಾಗಿರುವುದಿಲ್ಲ. ‘ಫೈಲೆಲ್ಲ ಹೋಯಿತು’ ಎಂದು ಗಾಬರಿಯಾಗುವುದು ಸಾಮಾನ್ಯವಾಗಿ ಅವರು ಡೊಮೇನ್ ಬದಲು ಲೋಕಲ್ ಖಾತೆಯಲ್ಲಿ ಲಾಗಿನ್ ಆದಾಗ.

ಕರೆಂಟ್ ಹೋಗಿ ಬಂದ ಮೇಲೆ ಯಾರಿಗೂ ಲಾಗಿನ್ ಆಗುವುದಿಲ್ಲ, ಅರ್ಧ ಗಂಟೆ ಬಿಟ್ಟು ತಾನೇ ಸರಿಯಾಗುತ್ತದೆ.

ಎಲ್ಲವೂ ಒಟ್ಟಿಗೆ ಎದ್ದರೆ ಕಂಪ್ಯೂಟರ್ ಅರ್ಧ ನಿಮಿಷದಲ್ಲಿ ತಯಾರು, ಸರ್ವರ್‌ಗೆ ಹಲವು ನಿಮಿಷ ಬೇಕು. ಆ ನಡುವೆ ಕೇಳಿದ ಕಂಪ್ಯೂಟರ್‌ಗಳು ‘ಯಾರೂ ಇಲ್ಲ’ ಎಂದು ಕೂರುತ್ತವೆ. ಇವೆಂಟ್ ವ್ಯೂವರ್‌ನಲ್ಲಿ ನೆಟ್‌ಲಾಗಾನ್ 5719 ಕಾಣುತ್ತದೆ. ಸರ್ವರ್ ಜೊತೆಗೆ ಮುಖ್ಯ ಸ್ವಿಚ್ಚನ್ನೂ ಯುಪಿಎಸ್‌ಗೆ ಹಾಕಿ. ಸರ್ವರ್‌ಗೆ ಮಾತ್ರ ಯುಪಿಎಸ್ ಕೊಟ್ಟು ಸ್ವಿಚ್ ಮರೆತಿರುವುದು ತುಂಬಾ ಕಡೆ ಇದೆ.

ಅರ್ಧ ಗಂಟೆ ಕಳೆದರೂ ಸರಿಯಾಗದಿದ್ದರೆ ಸರ್ವರ್‌ನಲ್ಲಿ ನೆಟ್‌ವರ್ಕ್ ಪ್ರೊಫೈಲ್ ನೋಡಿ. ‘ಡೊಮೇನ್’ ಎಂದು ಇರಬೇಕಾದಲ್ಲಿ ‘ಪಬ್ಲಿಕ್’ ಎಂದಿದ್ದರೆ ಫೈರ್‌ವಾಲ್ ಬಾಗಿಲು ಹಾಕಿಕೊಂಡಿದೆ. ನೆಟ್‌ವರ್ಕ್ ಕಾರ್ಡನ್ನು ಒಮ್ಮೆ ಡಿಸೇಬಲ್ ಮಾಡಿ ಎನೇಬಲ್ ಮಾಡಿ, ಪ್ರೊಫೈಲ್ ಸರಿಯಾಗುತ್ತದೆ.

ಮಳೆಗಾಲದಲ್ಲಿ ಮಾತ್ರ ತೊಂದರೆ ಜಾಸ್ತಿ. ಕಲ್ಪನೆಯೋ ನಿಜವೋ?

ನಿಜ. ಕರಾವಳಿಯಲ್ಲಿ ಗುಡುಗು ಸಿಡಿಲು ಜೋರು ಏಪ್ರಿಲ್-ಮೇ ಮತ್ತು ಮಳೆ ಹಿಂದೆ ಸರಿಯುವ ಅಕ್ಟೋಬರ್ ಹೊತ್ತಿಗೆ. ಸಿಡಿಲು ನೇರ ಹೊಡೆಯಬೇಕೆಂದಿಲ್ಲ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಎಳೆದ ತಾಮ್ರದ ಕೇಬಲ್‌ನಲ್ಲಿ ಹತ್ತಿರದ ಸಿಡಿಲೂ ಸಾಕಷ್ಟು ವೋಲ್ಟೇಜ್ ಹುಟ್ಟಿಸುತ್ತದೆ. ಪೋರ್ಟ್ ಪೂರ್ತಿ ಸಾಯದೆ ಅರೆಜೀವವಾಗಿ ಉಳಿಯುವುದು ಹೆಚ್ಚು ಕಾಡುತ್ತದೆ: ಲೈಟ್ ಉರಿಯುತ್ತದೆ, ಪಿಂಗ್ ಒಮ್ಮೆ ಹೋಗುತ್ತದೆ ಒಮ್ಮೆ ಇಲ್ಲ, ಡೊಮೇನ್ ಲಾಗಿನ್ ನಡುವೆ ಕಡಿಯುತ್ತದೆ. ಬೇರೆ ಪೋರ್ಟ್‌ಗೆ ಹಾಕಿ ನೋಡಿದರೆ ಗೊತ್ತಾಗುತ್ತದೆ. ಕಟ್ಟಡಗಳ ನಡುವೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಹಾಕುವುದೇ ಶಾಶ್ವತ ಪರಿಹಾರ. ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವವರೆಗೆ ಕಾಯದೆ, ಮಾರ್ಚ್‌ನಲ್ಲೇ ಅರ್ತಿಂಗ್ ಪರೀಕ್ಷೆ ಮಾಡಿಸಿ.

ಮಲ್ಪೆ, ಪಣಂಬೂರು, ಗಂಗೊಳ್ಳಿಯಂಥ ಸಮುದ್ರದ ಬದಿಯಲ್ಲಿ ಉಪ್ಪು ಗಾಳಿಯೂ ಸೇರುತ್ತದೆ. ಆರ್‌ಜೆ45 ತುದಿಯ ಎಂಟು ಪಿನ್ನುಗಳನ್ನು ಬೆಳಕಿಗೆ ಹಿಡಿದು ನೋಡಿ. ಹೊಳಪು ಹೋಗಿ ಹಸಿರು ಅಥವಾ ಕಪ್ಪು ಕಲೆ ಕೂತಿದ್ದರೆ ಒರೆಸುವ ಗೋಜಿಗೆ ಹೋಗದೆ ತುದಿ ಕತ್ತರಿಸಿ ಹೊಸದು ಕ್ರಿಂಪ್ ಮಾಡಿ. ಕ್ಲಿಪ್ ಕೆಳಮುಖವಾಗಿದ್ದಾಗ ಎಡದಿಂದ ಬಣ್ಣಗಳು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಗಿಗಾಬಿಟ್ ಕಾರ್ಡು 100 ಎಂಬಿಪಿಎಸ್‌ಗೆ ಇಳಿದಿದ್ದರೆ ಎಂಟರಲ್ಲಿ ಒಂದು ತಂತಿಯಾದರೂ ಸಂಪರ್ಕ ಬಿಟ್ಟಿದೆ ಎಂದು ಶಂಕಿಸಿ. ಒಂದು ಎಳೆ 100 ಮೀಟರ್ ಮೀರಬಾರದು.

ಹೊಸ ಕೆಲಸಗಾರರಿಗೆ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಆಗುತ್ತಿಲ್ಲ, ಹಳಬರಿಗೆ ಆಗುತ್ತದೆ.

ಹಳಬರು ನಿಜವಾಗಿ ಡೊಮೇನ್ ತಲುಪುತ್ತಿಲ್ಲ. ಮೊದಲು ಲಾಗಿನ್ ಆದವರ ಗುರುತನ್ನು ವಿಂಡೋಸ್ ನೆನಪಿಟ್ಟುಕೊಂಡು ಒಳಗೆ ಬಿಡುತ್ತದೆ, ಮೂಲ ಹೊಂದಾಣಿಕೆಯಲ್ಲಿ 10 ಮಂದಿಯವರೆಗೆ. ಹೊಸಬರ ಮೊದಲ ಲಾಗಿನ್‌ಗೆ ಸರ್ವರ್ ಸಿಗಲೇಬೇಕು, ಆದರೆ ವೈ-ಫೈ ಪಾಸ್‌ವರ್ಡ್ ಒಬ್ಬ ಬಳಕೆದಾರರ ಹೆಸರಿನಲ್ಲಿ ಮಾತ್ರ ಉಳಿಸಿದ್ದರೆ ಲಾಗಿನ್ ಪರದೆಯಲ್ಲಿ ವೈ-ಫೈ ಇರುವುದೇ ಇಲ್ಲ. ಲ್ಯಾನ್ ಕೇಬಲ್ ಚುಚ್ಚಿ ಮೊದಲ ಸಲ ಲಾಗಿನ್ ಮಾಡಿಸಿ.

ಹೊಸ ಕಂಪ್ಯೂಟರ್ ಸೇರಿಸುವಾಗ ದೋಷ ಬರುತ್ತದೆ.

ಹೋಮ್ ಆವೃತ್ತಿಯ ವಿಂಡೋಸ್ ಡೊಮೇನ್‌ಗೆ ಸೇರುವುದೇ ಇಲ್ಲ, ಪ್ರೊ ಬೇಕು. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಕೊಳ್ಳುವಾಗಲೇ ಕೇಳಿ. ಕಂಪ್ಯೂಟರ್ ಹೆಸರು 15 ಅಕ್ಷರದೊಳಗೆ ಇರಲಿ. ಡೊಮೇನ್ ಹೆಸರು ಕೇಳಿದಾಗ ಚುಕ್ಕೆ ಸಮೇತ ಪೂರ್ಣ ಹೆಸರು ಕೊಡಿ.

8557 ಬಂದರೆ, ಸಾಮಾನ್ಯ ಬಳಕೆದಾರರೊಬ್ಬರು ಸೇರಿಸಬಹುದಾದ 10 ಕಂಪ್ಯೂಟರ್‌ಗಳ ಮಿತಿ ಮುಗಿದಿದೆ. ಅನುಮತಿ ಇರುವ ಖಾತೆಯಿಂದ ಸೇರಿಸಿ. 2732 ಬಂದರೆ ಅದೇ ಹೆಸರಿನ ಹಳೆಯ ಖಾತೆ ಸರ್ವರ್‌ನಲ್ಲಿದೆ, ಅದನ್ನು ಮಾಡಿದವರು ಬೇರೆ. 2022ರ ಅಕ್ಟೋಬರ್ ಅಪ್‌ಡೇಟ್ ನಂತರ ವಿಂಡೋಸ್ ಇನ್ನೊಬ್ಬರು ಮಾಡಿದ ಖಾತೆಯನ್ನು ಸುಲಭವಾಗಿ ಮರುಬಳಕೆ ಮಾಡಲು ಬಿಡುವುದಿಲ್ಲ. ಆ ಹಳೆಯ ಕಂಪ್ಯೂಟರ್ ಇನ್ನೂ ಬಳಕೆಯಲ್ಲಿ ಇಲ್ಲ ಎಂದು ಖಚಿತ ಮಾಡಿಕೊಂಡು ಖಾತೆ ಅಳಿಸಿ, ಅಥವಾ ಹೊಸ ಹೆಸರು ಕೊಡಿ. ಸಂಖ್ಯೆ ಯಾವುದೇ ಇರಲಿ, ವಿಂಡೋಸ್ ಫೋಲ್ಡರಿನೊಳಗಿನ ಡೀಬಗ್ ಫೋಲ್ಡರಿನಲ್ಲಿ ‘ನೆಟ್‌ಸೆಟಪ್’ ಎಂಬ ಲಾಗ್ ಫೈಲ್ ಇದೆ. ಅದರ ಕೊನೆಯ ಸಾಲುಗಳಲ್ಲಿ ಯಾವ ಹೆಜ್ಜೆಯಲ್ಲಿ ನಿಂತಿತು ಎಂದು ಬರೆದಿರುತ್ತದೆ.

ಮಂಗಳೂರಿನಲ್ಲಿ ಸರ್ವರ್, ಕಾರ್ಕಳದಲ್ಲಿ ಶಾಖೆ. ಪಿಂಗ್ ಹೋಗುತ್ತದೆ, ಡೊಮೇನ್ ಸೇರಿಸುವಾಗ ತುಂಬಾ ಹೊತ್ತು ನಿಂತು ಬಿಡುತ್ತದೆ.

ಪಿಂಗ್ ಹೋದರೆ ದಾರಿ ಇದೆ ಎಂದಷ್ಟೇ. ವಿಪಿಎನ್ (ಎರಡು ಕಚೇರಿಗಳ ನಡುವಿನ ಖಾಸಗಿ ದಾರಿ) ಮತ್ತು ಫೈರ್‌ವಾಲ್‌ನಲ್ಲಿ 53, 88, 135, 389, 445, 464 ಪೋರ್ಟ್‌ಗಳು, ಸಮಯಕ್ಕಾಗಿ ಯುಡಿಪಿ 123, ಜೊತೆಗೆ ಆರ್‌ಪಿಸಿಗಾಗಿ 49152ರಿಂದ 65535ರವರೆಗಿನ ಟಿಸಿಪಿ ಪೋರ್ಟ್‌ಗಳು ತೆರೆದಿರಬೇಕು. ಕೊನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ‘ಟೆಸ್ಟ್-ನೆಟ್‌ಕನೆಕ್ಷನ್’ ಆಜ್ಞೆಗೆ ಸರ್ವರ್ ಹೆಸರು ಮತ್ತು ‘-ಪೋರ್ಟ್ 389’ ಕೊಟ್ಟು ಒಂದೊಂದೇ ಟಿಸಿಪಿ ಪೋರ್ಟ್ ನೋಡಬಹುದು.

ಪೋರ್ಟ್ ಎಲ್ಲ ತೆರೆದಿದ್ದೂ ನಿಂತರೆ ಎಂಟಿಯು (ಒಂದೇ ಸಲಕ್ಕೆ ಹೋಗಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ) ನೋಡಿ. ವಿಪಿಎನ್ ತನ್ನ ಹೊದಿಕೆ ಸೇರಿಸುವುದರಿಂದ ದೊಡ್ಡ ಪ್ಯಾಕೆಟ್‌ಗಳು ದಾರಿಯಲ್ಲಿ ಬಿದ್ದುಹೋಗುತ್ತವೆ, ಚಿಕ್ಕ ಪಿಂಗ್‌ಗೆ ಮಾತ್ರ ತೊಂದರೆ ಇಲ್ಲ. ‘ಪಿಂಗ್ -ಎಫ್ -ಎಲ್ 1472’ ಎಂದು ಸರ್ವರ್ ವಿಳಾಸಕ್ಕೆ ಕೊಡಿ, ಹೋಗದಿದ್ದರೆ ಹತ್ತತ್ತು ಇಳಿಸುತ್ತಾ ಬನ್ನಿ. ಹೋದ ಸಂಖ್ಯೆಗೆ 28 ಕೂಡಿಸಿದರೆ ಸಿಗುವುದೇ ನಿಮ್ಮ ದಾರಿಯ ಎಂಟಿಯು. ಅದನ್ನು ಶಾಖೆಯ ರೂಟರ್‌ನ ವಿಪಿಎನ್ ಹೊಂದಾಣಿಕೆಯಲ್ಲಿ ಹಾಕಿ.

ನಮ್ಮಲ್ಲಿ ಒಂದೇ ಡೊಮೇನ್ ಕಂಟ್ರೋಲರ್ ಇದೆ. ಸಾಕೇ?

ಸಾಲದು. ಅದು ನಿಂತರೆ ಹೆಸರು, ಸಮಯ, ಲಾಗಿನ್ ಮೂರೂ ಒಟ್ಟಿಗೆ ನಿಲ್ಲುತ್ತವೆ. ಬೇರೆ ಯಂತ್ರದ ಮೇಲೆ ಎರಡನೆಯದು ಮಾಡಿ, ಡಿಎಚ್‌ಸಿಪಿಯಲ್ಲಿ ಎರಡರ ವಿಳಾಸವನ್ನೂ ಡಿಎನ್‌ಎಸ್ ಆಗಿ ಹಂಚಿ. ಕಂಟ್ರೋಲರ್‌ಗಳು ತಮ್ಮತಮ್ಮೊಳಗೆ ಮೊದಲು ಇನ್ನೊಂದನ್ನು, ಆಮೇಲೆ 127.0.0.1 ಅನ್ನು ನೋಡುವಂತಿರಲಿ. ಎರಡನೆಯದನ್ನು ಹಾಕಿದ ಮೇಲೆ ಒಂದು ಭಾನುವಾರ ಮೊದಲನೆಯದನ್ನು ಸರಿಯಾಗಿ ಶಟ್‌ಡೌನ್ ಮಾಡಿ, ಯಾವುದಾದರೂ ಒಂದು ಕಂಪ್ಯೂಟರ್‌ನಲ್ಲಿ, ಅಲ್ಲಿ ಹಿಂದೆಂದೂ ಲಾಗಿನ್ ಆಗದ ಒಂದು ಖಾತೆಯಿಂದ ಲಾಗಿನ್ ಮಾಡಿ ನೋಡಿ. ಹಳೆಯ ಖಾತೆಯಾದರೆ ನೆನಪಿನಲ್ಲಿರುವ ಗುರುತೇ ಒಳಗೆ ಬಿಟ್ಟು, ಎರಡನೇ ಕಂಟ್ರೋಲರ್ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ತಿಳಿಯುವುದಿಲ್ಲ.